ಅಂಟಿಕೊಂಡ ಹಾಳೆಗಳು

ಶಿವಮೊಗ್ಗದ ಹೊಸಮನೆಯ ಅನೀಸಾ ಇಪ್ಪತ್ತೆರಡು ವರ್ಷ ಮದುವೆ ಪತ್ರಿಕೆಗಳನ್ನು ಟೈಪ್ ಮಾಡಿದವಳು. ಜನ ವಾಟ್ಸಾಪಿನಲ್ಲೇ ಕರೆಯತೊಡಗಿದ ಮೇಲೆ ಪ್ರೆಸ್ಸಿನ ಕೆಲಸ ಇಳಿಯಿತು. ಆಗ ಅವಳು ಹಳೆಯ ಪುಸ್ತಕಗಳನ್ನು ಇ-ಬುಕ್ ಮಾಡುವ ಗುಂಪೊಂದಕ್ಕೆ ಸೇರಿದಳು. ಬರೆದವರು ತೀರಿಹೋಗಿ ಅರವತ್ತು ವರ್ಷ ದಾಟಿ, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು ಅವು. ಸಂಬಳವಿಲ್ಲ, ಆದರೆ ಬೆರಳಿಗೆ ಕೆಲಸವಿತ್ತು.

ಅವಳ ಪಾಲಿಗೆ ಮೊದಲು ಬಂದದ್ದು ತೊಂಬತ್ತು ವರ್ಷ ಹಿಂದಿನ ಅಡುಗೆ ಪುಸ್ತಕ. ಗುಂಪಿನವರಿಗೆ ಸಿಕ್ಕಿದ ಒಂದೇ ಪ್ರತಿ ಭದ್ರಾವತಿಯ ಕಲ್ಲಮ್ಮನ ಬಳಿ ಇತ್ತು. ಎಪ್ಪತ್ತೆಂಟರ ಕಲ್ಲಮ್ಮ ಅದನ್ನು ಹೊಸಿಲು ದಾಟಿಸಲು ಒಪ್ಪಲಿಲ್ಲ. ಅನೀಸಾಳೇ ಬುಧವಾರ ಬುಧವಾರ ಬಸ್ ಹತ್ತಿ ಹೋಗಿ, ಊಟದ ಮೇಜಿನ ಮೇಲೆ ಪುಟ ಬಿಡಿಸಿ ಫೋನಿನಲ್ಲಿ ಫೋಟೊ ತೆಗೆದಳು. ಕಂಪ್ಯೂಟರ್ ಆ ಚಿತ್ರಗಳಿಂದ ಅಕ್ಷರ ಗುರುತಿಸಿತು. ಮಾಸಿದ ಅಚ್ಚಿನಲ್ಲಿ ಅದಕ್ಕೆ ಲಕಾರವೂ ಒಂದೇ, ವಕಾರವೂ ಒಂದೇ. "ಒಂದು ಸೇರು ಹಾವು ಕಾಯಿಸಿ ಕೆನೆ ತೆಗೆಯಿರಿ" ಎಂದು ಅನೀಸಾ ಓದಿದಾಗ ಕಲ್ಲಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಂದಿನಿಂದ ಅವರೂ ಜೊತೆಗೆ ಕೂತರು. ಇವಳು ಪರದೆ ನೋಡಿ ಓದುವುದು, ಅವರು ಪುಸ್ತಕದ ಮೇಲೆ ಬೆರಳಿಟ್ಟು ತಾಳೆ ನೋಡುವುದು.

ಸಿಹಿಗಡುಬಿನ ಹತ್ತಿರ ಕೆಲಸ ನಿಂತಿತು. ಯಾವ ಕಾಲದಲ್ಲೋ ಬೆಲ್ಲದ ಪಾಕ ಬಿದ್ದು ಎರಡು ಹಾಳೆ ಅಂಟಿಕೊಂಡಿದ್ದವು.

"ನಮ್ಮತ್ತೆ ಇದೇ ಪುಸ್ತಕದ್ದು ಅಂತ ನಂಗೆ ಕಲಿಸಿದ್ದು. ನಾನು ಹೇಳ್ತೀನಿ, ಬರ್ಕೊ ಮಾರಾಯ್ತಿ" ಎಂದರು ಕಲ್ಲಮ್ಮ.

"ನೀವು ಹೇಳೋದು ಸರೀನೇ ಇರಬಹುದಮ್ಮ. ಆದ್ರೆ ಅಚ್ಚಲ್ಲಿ ನೋಡದೆ ನಾನು ಟೈಪ್ ಮಾಡಲ್ಲ."

ಅಂದು ಕಲ್ಲಮ್ಮ ಕಾಫಿ ಲೋಟ ಮೇಜಿನ ಮೇಲಿಟ್ಟು, ಪುಸ್ತಕ ಮುಚ್ಚಿ ಒಳಗಿಟ್ಟರು. ಮನಸ್ಸು ಚುಚ್ಚಿದಂತಾಗಿ ಅನೀಸಾ ಊರಿಗೆ ಮರಳಿದಳು.

ಮುಂದಿನ ಬುಧವಾರ ಹೋದರೆ ಒಲೆಯ ಮೇಲೆ ಇಡ್ಲಿ ಪಾತ್ರೆ ಕುದಿಯುತ್ತಿತ್ತು, ಒಳಗೆ ಬರೀ ನೀರು. ಕಲ್ಲಮ್ಮ ಹಾಳೆಗಳನ್ನು ಆವಿಗೆ ಹಿಡಿದರು. ಅನೀಸಾ ಉಸಿರು ಬಿಗಿಹಿಡಿದು, ಪೋಸ್ಟಿನ ಸ್ಟಾಂಪು ಬಿಡಿಸುವ ಹಾಗೆ ಅಂಚಿನಿಂದ ಮೆಲ್ಲಗೆ ಎಬ್ಬಿಸಿದಳು. ಪುಟ ತೆರೆದುಕೊಂಡಿತು. ಒಂದಕ್ಷರವೂ ಹರಿದಿರಲಿಲ್ಲ.

ಕಲ್ಲಮ್ಮ ಓದಿದರು. ಇನ್ನೊಮ್ಮೆ ಓದಿದರು. ಪುಸ್ತಕದ ಹೂರಣದಲ್ಲಿ ಅತ್ತೆ ಹಾಕುತ್ತಿದ್ದ ಕಾಯಿತುರಿಯೂ ಇರಲಿಲ್ಲ, ಏಲಕ್ಕಿಯೂ ಇರಲಿಲ್ಲ. ಇದ್ದದ್ದು ಹುರಿದ ಎಳ್ಳು.

"ನಮ್ಮತ್ತೆ ತಮ್ಮ ಕೈಯಡುಗೇನೇ ಪುಸ್ತಕದ್ದು ಅಂತ ನಂಬ್ಸಿ ಹೋಗಿದಾರೆ, ನೋಡು" ಎಂದು ಅವರು ಹೇಳುವಾಗ ದನಿಯಲ್ಲಿ ಸೋತ ಲಕ್ಷಣವೇ ಇರಲಿಲ್ಲ. ಅಂದೇ ಎಳ್ಳು ಹುರಿದು ಇಬ್ಬರೂ ಕಡುಬು ಮಾಡಿ ತಿಂದರು. ಅತ್ತೆಯದೇ ಮೇಲೆಂದು ಕಲ್ಲಮ್ಮ ತೀರ್ಪು ಕೊಟ್ಟರು.

ಇ-ಬುಕ್ ಹೊರಬಂದ ಹತ್ತನೇ ದಿನ ಆಯನೂರಿನಿಂದ ಅಪರಿಚಿತರೊಬ್ಬರ ಮೆಸೇಜು ಬಂತು. ಉಪ್ಪಿನಕಾಯಿಯ ಅಧ್ಯಾಯದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ ಎಂದು ಅವರು ಬರೆದಿದ್ದರು. ಯಾರೋ ಅಲ್ಲಿಯವರೆಗೂ ಓದಿದ್ದಾರಲ್ಲ ಎಂದು ಅನೀಸಾಳಿಗೆ ಹಿಗ್ಗೋ ಹಿಗ್ಗು. ಕೂತಲ್ಲೇ ಪುಟದ ಫೋಟೊ ನೋಡಿ ತಿದ್ದಿ, ಮೊದಲು ಕಲ್ಲಮ್ಮನಿಗೆ ಫೋನ್ ಮಾಡಿದಳು.