ಗಂಗೂವಿನ ಇಪ್ಪತ್ತನಾಲ್ಕು ತಾಸು

ಮಂಜಗುಣಿಯ ಗಂಗೂ ಮೊದಲ ಸಲ ಬಿದ್ದದ್ದು ಕಾರ್ತಿಕಮಾಸದ ಒಂದು ಮುಂಜಾನೆ. ಅಂಕೋಲೆಯ ಮೀನುಪೇಟೆಗೆ ಹೋಗುವ ಟೆಂಪೋ ನಿಲ್ಲುವ ಜಾಗ ಇನ್ನೂ ಇಪ್ಪತ್ತು ಮಾರು ದೂರವಿತ್ತು. ಮೊದಲು ತಲೆಯ ಮೇಲಿನ ಬುಟ್ಟಿ ಜಾರಿತು. ಬಂಗಡೆ ಮೀನುಗಳು ರಸ್ತೆಯ ತುಂಬ ಚೆಲ್ಲಿದವು. ಆಮೇಲೆ ಅವುಗಳ ನಡುವೆ ಅವಳೂ ಕುಸಿದಳು. ಹತ್ತು ಎಣಿಸುವಷ್ಟು ಹೊತ್ತು ಅವಳಿಗೆ ಲೋಕವೇ ಇರಲಿಲ್ಲ. ಕಣ್ಣು ತೆರೆದಾಗ ಅವಳಾಡಿದ ಮೊದಲ ಮಾತು, “ಬಂಗಡೆ ಯಾರಾದ್ರೂ ಎತ್ತಿದ್ರಾ?” ಎಂಬುದಾಗಿತ್ತು.

ಅವಳಿಗೆ ಐವತ್ತೆಂಟು ವರ್ಷ. ಮೂವತ್ತು ತುಂಬುವ ಮೊದಲೇ ಗಂಡನನ್ನು ಕಡಲಿಗೆ ಒಪ್ಪಿಸಿ, ಕಂಕುಳಲ್ಲಿದ್ದ ಮಗ ರೂಪೇಶನನ್ನು ಬುಟ್ಟಿಯ ದುಡಿಮೆಯಿಂದಲೇ ಬೆಳೆಸಿದವಳು. ಈಗ ರೂಪೇಶ ಕಾರವಾರದ ಬಂದರಿನಿಂದ ಹೊರಡುವ ಟ್ರಾಲರಿನಲ್ಲಿ ದುಡಿಯುತ್ತಿದ್ದ. ಹೋದರೆ ಎಂಟು ದಿನ ಮನೆಯ ಮುಖ ಕಾಣುತ್ತಿರಲಿಲ್ಲ. ಮನೆಯಲ್ಲಿ ಗಂಗೂ, ಸೊಸೆ ನಾಗಶ್ರೀ, ಇಬ್ಬರೇ. ಹಟ್ಟಿಕೇರಿಯ ತೌರಿನಿಂದ ಬಂದ ನಾಗಶ್ರೀ ಪಿಯುಸಿಯವರೆಗೆ ಓದಿದ್ದಳು. ಅತ್ತೆಗೆ ಅಕ್ಷರ ತಿಳಿಯದು. ಮನೆಗೆ ಬರುವ ಕಾಗದಗಳೆಲ್ಲ ಸೊಸೆಯ ಕೈಯಿಂದಲೇ ಸಾಗುತ್ತಿದ್ದವು.

ಆ ಮನೆಗೆ ಗಂಗೂವಿನ ಅತ್ತೆಯ ಕಾಲದಿಂದ ಬಂದ ಒಂದು ನೇಮವಿತ್ತು. ಮೀಯದ ಕೈ ಬುಟ್ಟಿಯನ್ನು ಮುಟ್ಟಕೂಡದು. ನಸುಕಿನಲ್ಲಿ ಮಿಂದು, ತುಳಸಿಯ ಮುಂದೆ ದೀಪವಿಟ್ಟು, ಆಮೇಲೆ ತಲೆಗೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ಮಿಕ್ಕವರು ಮಾರುವ ವಸ್ತುವೆಂದು ಕಾಣುವ ಮೀನನ್ನು ಅವಳು ಕಡಲು ಕೊಟ್ಟ ಪ್ರಸಾದವೆಂದು ಭಾವಿಸಿದ್ದಳು. ಸೂತಕದ ದಿನಗಳನ್ನುಳಿದು ಮೂವತ್ತು ವರ್ಷಗಳಲ್ಲಿ ಈ ನೇಮ ಒಮ್ಮೆಯೂ ತಪ್ಪಿರಲಿಲ್ಲ.

ಬಿದ್ದ ಮರುದಿನವೇ ನಾಗಶ್ರೀ ಅವಳನ್ನು ಕಾರವಾರಕ್ಕೆ, ಹೃದಯದ ವೈದ್ಯೆ ವೈಜಯಂತಿಯವರ ಬಳಿಗೆ ಕರೆದೊಯ್ದಳು. ಅಲ್ಲಿ ಇಸಿಜಿ ತೆಗೆದರು. ಎದೆಯ ಮೇಲೆ ತಣ್ಣನೆಯ ಜೆಲ್ ಸವರಿ ಎಕೋ ನೋಡಿದರು. ಕವಾಟಗಳು ಸರಿಯಾಗಿ ತೆರೆದು ಮುಚ್ಚುತ್ತಿದ್ದವು; ಸ್ನಾಯು ಬಲವಾಗಿಯೇ ಇತ್ತು. ಇಸಿಜಿಯ ಗೆರೆಯಲ್ಲಿ ಮಾತ್ರ ಒಂದೆಡೆ ಅತ್ಯಲ್ಪವಾದ ವಿಳಂಬ.

ಹೃದಯದಲ್ಲಿ ಅಂತರ್ಯಾಮಿ ನೆಲೆಸಿದ್ದಾನೆಂದು ನಂಬಿದವರಿಗೆ ಆ ಗುಡಿಯ ಕಟ್ಟಡವೂ ಅಚ್ಚರಿಯದೇ. ಮುಷ್ಟಿಗಾತ್ರದ ಆ ಮಾಂಸದೊಳಗೆ ನಾಲ್ಕು ಕೋಣೆಗಳಿವೆ, ಮೇಲೆರಡು, ಕೆಳಗೆರಡು. ಮೈಯೆಲ್ಲ ಸುತ್ತಿ ಬಳಲಿದ ರಕ್ತ ಬಲಗಡೆಗೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಪ್ರಾಣವಾಯುವನ್ನು ಪಡೆದು ಎಡಗಡೆಗೆ ಬಂದು ಮತ್ತೆ ಮೈಗೆ ಹರಿಯುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ನಡೆಯುವ ಈ ಕಾರ್ಯಕ್ಕೆ ಅಪ್ಪಣೆ ಹೊರಡುವುದು ಮೇಲಿನ ಬಲಗೋಣೆಯ ಒಂದು ಮೂಲೆಯಿಂದ. ಅಲ್ಲಿ ಹುಟ್ಟಿದ ಸೂಕ್ಷ್ಮವಾದ ವಿದ್ಯುತ್ತು ಮೇಲಿನ ಕೋಣೆಗಳನ್ನು ಮಿಡಿಸಿ, ನಡುವಿನ ದ್ವಾರದಲ್ಲಿ ಕ್ಷಣಮಾತ್ರ ತಡೆದು, ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಇಸಿಜಿಯ ಗೆರೆ ಈ ಪಯಣದ ಚಿತ್ರವೇ ಹೊರತು ಬೇರೇನಲ್ಲ. ಆದರೆ ಆ ಚಿತ್ರದ ಅವಧಿ ಕೆಲವೇ ಕ್ಷಣ. ಆ ಕ್ಷಣಗಳಾಚೆ ನಡೆಯುವ ತಪ್ಪು ಅದರಲ್ಲಿ ಮೂಡುವುದಿಲ್ಲ.

ಆದಕಾರಣ ವೈಜಯಂತಿಯವರು ಗಂಗೂವಿನ ಎದೆಗೆ ಬಿಲ್ಲೆಗಳನ್ನು ಅಂಟಿಸಿ, ತಂತಿಗಳನ್ನು ಸೊಂಟದ ಒಂದು ಚಿಕ್ಕ ಪೆಟ್ಟಿಗೆಗೆ ಜೋಡಿಸಿದರು. ಹೋಲ್ಟರ್ ಎಂಬ ಆ ಪೆಟ್ಟಿಗೆ ಇಪ್ಪತ್ತನಾಲ್ಕು ತಾಸಿನ ಪ್ರತಿಯೊಂದು ಮಿಡಿತವನ್ನೂ ದಾಖಲಿಸುತ್ತದೆ. ನಾಗಶ್ರೀಯ ಕೈಗೆ ಒಂದು ಹಾಳೆ ಕೊಟ್ಟರು.

“ಇದಕ್ಕೆ ನೀರು ತಾಗಬಾರದು, ಸ್ನಾನ ಬೇಡ. ಉಳಿದಂತೆ ದಿನಾ ಏನು ಮಾಡ್ತಾರೋ ಅದನ್ನೇ ಮಾಡ್ಲಿ. ನೀನು ಜೊತೆಗಿರು. ಎಷ್ಟು ಗಂಟೆಗೆ ಏನು ಮಾಡಿದ್ರು, ಏನನ್ನಿಸ್ತು, ಎಲ್ಲ ಬರಿ. ಪೆಟ್ಟಿಗೆ ಮಿಡಿತ ಹೇಳ್ತದೆ, ಆಗ ಅವರು ಏನು ಮಾಡ್ತಿದ್ರು ಅನ್ನೋದನ್ನ ಹಾಳೆ ಹೇಳ್ಬೇಕು.”

ಮರುದಿನ ನಸುಕಿನಲ್ಲಿ ಗಂಗೂ ಎದ್ದಳು. ಬಚ್ಚಲಿನ ಕಡೆಗೆ ನಡೆದು, ಸೊಂಟದ ಪೆಟ್ಟಿಗೆಯನ್ನು ಮುಟ್ಟಿ ನೋಡಿಕೊಂಡು, ಹಿಂದಿರುಗಿ ಜಗುಲಿಯಲ್ಲಿ ಕುಳಿತಳು.

“ಅತ್ತೆ, ಹೊರಡೂದಿಲ್ಲ?” ನಾಗಶ್ರೀ ಕೇಳಿದಳು.

“ಮೀಯದೆ ಬುಟ್ಟಿ ಎತ್ತೂದೇ? ನಿಂಗೆ ಮಂಡೆ ಸಮಾ ಇದ್ಯ?”

“ಡಾಕ್ಟ್ರು ದಿನದ ಕೆಲ್ಸ ಮಾಡೂಕೆ ಹೇಳಿದ್ರಲ್ಲ.”

“ಡಾಕ್ಟ್ರಬಾಯಿಗೆ ನಮ್ಮನೆ ನೇಮ ಎಂತ ಗುತ್ತು? ಒಂದಿನ ಕೂತ್ರೆ ಕಡಲು ಬತ್ತಿಹೋಗೂದಿಲ್ಲ.”

ಆ ದಿನವೆಲ್ಲ ಗಂಗೂ ಕುಳಿತೇ ಇದ್ದಳು. ಸೊಸೆಯೂ ಒತ್ತಾಯಿಸಲಿಲ್ಲ. ಎದೆಗೆ ತಂತಿ ಸುತ್ತಿಕೊಂಡವರನ್ನು ದುಡಿಸುವುದು ಅವಳಿಗೂ ಪಾಪವೆನಿಸಿತು. ಗಂಜಿ, ನೀರು ಎಲ್ಲವನ್ನೂ ಕುಳಿತಲ್ಲಿಗೇ ತಂದುಕೊಟ್ಟಳು. ಪೆಟ್ಟಿಗೆ ಮರಳಿಸಲು ಹೊರಡುವಾಗ ನೋಡಿದರೆ ಹಾಳೆ ಬರಿದಾಗಿಯೇ ಇತ್ತು.

“ಬರ್ಕ,” ಎಂದಳು ಗಂಗೂ. “ಆರಕ್ಕೆ ಮಿಂದದ್ದು... ಬೇಡ, ಮೀಯೂದು ಬಿಡು. ಆರೂವರಿಗೆ ದೋಣಿ ಬರೂ ದಕ್ಕೆಗೆ ಹೋದದ್ದು. ಏಳಕ್ಕೆ ಬುಟ್ಟಿ ಹೊತ್ತದ್ದು. ಎಂಟಕ್ಕೆ ಪ್ಯಾಟೆ.”

“ನೀವು ಹೋಗ್ಲೇ ಇಲ್ಲ ಅತ್ತೆ.”

“ದಿನಾ ಹೋಗೂದು ಸುಳ್ಳಾ? ದಿನಾ ಎಂತ ಮಾಡ್ತೆ ಅಂದೇ ಅಲ್ದ ಅವ್ರು ಕೇಳಿದ್ದು? ಹಾಳಿ ಖಾಲಿ ಕೊಟ್ರೆ ಬೈತ್ರು ಮಾರಾಯ್ತಿ.”

ನಾಗಶ್ರೀ ಬರೆದಳು. ಅಕ್ಷರಗಳು ದುಂಡಗೆ, ಅಂದವಾಗಿ ಮೂಡಿದವು.

ದಾಖಲೆಯನ್ನು ಓದಿದ ವೈಜಯಂತಿಯವರ ಹುಬ್ಬು ಒಂದು ಕಡೆ ಏರಿತು. “ಭಾರ ಹೊತ್ತು ನಡೆಯುವಾಗಲೂ ನಿಮಿಷಕ್ಕೆ ಎಪ್ಪತ್ತೆರಡೇ ಮಿಡಿತವೇ?”

“ಮೂವತ್ತು ವರ್ಷದ ರೂಢಿ ಬಾಯಿ,” ಎಂದು ಗಂಗೂ ನಕ್ಕಳು. ನಾಗಶ್ರೀ ಗೋಡೆಯ ಮೇಲಿನ ಹೃದಯದ ಚಿತ್ರವನ್ನು ದಿಟ್ಟಿಸುತ್ತ ನಿಂತಳು.

“ಲಯದಲ್ಲಿ ದೋಷ ಕಾಣ್ತಾ ಇಲ್ಲ. ದುಡಿಮೆಯನ್ನ ಹೃದಯ ತಡ್ಕೊಳ್ತಿದೆ ಅಂತಾಯ್ತು. ಆದರೂ ಮತ್ತೊಮ್ಮೆ ಬಿದ್ದರೆ ಒಂದು ತಾಸೂ ತಡ ಮಾಡದೆ ಬನ್ನಿ.”

ಮನೆಗೆ ಬಂದ ಮೇಲೆ ಗಂಗೂ ನಿಶ್ಚಿಂತಳಾದಳು. ಅವಳ ಚಿಂತೆಯೆಲ್ಲವೂ ನಾಗಶ್ರೀಗೆ ಬಂದು ಸೇರಿತು. ಮುಂಜಾನೆ ಬುಟ್ಟಿಯೊಡನೆ ಅತ್ತೆ ಮನೆಯ ಮೆಟ್ಟಿಲಿಳಿಯುವಾಗ ಅವಳು ಉಸಿರು ಹಿಡಿಯುತ್ತಿದ್ದಳು. ತಿರುವು ದಾಟಿ ಕಾಣದಾದಾಗ ಕೆಲಸ ಬಿಟ್ಟು ಹಿಂದೆಯೇ ಓಡುತ್ತಿದ್ದಳು. ಗಂಗೂವಿನ ಜೊತೆಗೆ ಮೀನು ಮಾರುವ ಮಂಗಲಾ ಇದನ್ನು ಕಂಡು ಹಾಸ್ಯ ಮಾಡಿದಳು: “ಗಂಗಕ್ಕ, ನಿನ್ ಸೊಸಿ ಕಾವಲಿಗೆ ಬಂದದ್ದೆ, ಇಲ್ಲ ನೀ ಬಂಗಡೆ ಕದ್ದೆ ಅಂದ್ಕಂಡದ್ದೆ?” ಗಂಗೂ ನಕ್ಕಳು. ನಾಗಶ್ರೀ ನಗಲಿಲ್ಲ. ಅಲ್ಲ, ನಗಲಾರದೆ ಹೋದಳು. ಆ ದುಂಡಕ್ಷರಗಳು ಅವಳ ಕಣ್ಣೆದುರಿನಿಂದ ಕದಲುತ್ತಿರಲಿಲ್ಲ.

ಹನ್ನೊಂದನೆಯ ದಿನ ಅದು ನಡೆಯಿತು. ಗಂಗಾವಳಿ ಹೊಳೆಯ ಅಳಿವೆಯಲ್ಲಿ ದೋಣಿ ದಡಕ್ಕೆ ಬಂದು ನಿಂತಿತ್ತು. ಗಂಗೂ ಮೊಣಕಾಲುದ್ದದ ನೀರಿನಲ್ಲಿ ನಿಂತು, ತುಂಬಿದ ಬುಟ್ಟಿಯನ್ನು ಎತ್ತಿ ತಲೆಗಿಟ್ಟು, ಒಂಬತ್ತು ಹೆಜ್ಜೆ ನಡೆದಳು. ಹತ್ತನೆಯ ಹೆಜ್ಜೆ ಬೀಳಲಿಲ್ಲ. ಈ ಸಲ ಅವಳು ಮುಖ ಅಡಿಯಾಗಿ ನೀರಿಗೇ ಬಿದ್ದಳು. ದಡದಿಂದ ನಾಗಶ್ರೀ ಚೀರಿದಳು. ಮೂರು ಮಾರು ಆಚೆಗಿದ್ದ ಮಂಗಲಾ ತನ್ನ ಬುಟ್ಟಿಯನ್ನು ಎಸೆದು, ಗಂಗೂವಿನ ಹೆರಳು ಹಿಡಿದು ಮುಖವನ್ನು ನೀರಿನಿಂದ ಮೇಲೆತ್ತಿದಳು. ತುಟಿ ಕಪ್ಪಾಗಿತ್ತು. ನಾಗಶ್ರೀ ಕೊರಳಿಗೆ ಬೆರಳಿಟ್ಟಳು, ಏನೂ ತಾಗಲಿಲ್ಲ. ಮತ್ತೆ ಇಟ್ಟಳು. ಆಗ ಒಂದು ಮಿಡಿತ ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಒಮ್ಮೆಗೇ ಹಲವು. ಗಂಗೂ ಕೆಮ್ಮಿ ನೀರು ಉಗುಳಿದಳು.

ಕಾರವಾರದ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ ಮಿಡಿತ ತೋರುವ ಪರದೆಗೆ ಜೋಡಿಸಿದರು. ಮಲಗಿದವಳ ಗೆರೆ ಎಂದಿನಂತೆ ಶುದ್ಧವಾಗಿಯೇ ಹರಿಯಿತು. ವೈಜಯಂತಿಯವರು ಹಳೆಯ ಕಡತವನ್ನು ತೆರೆದು ಬಹಳ ಹೊತ್ತು ನೋಡಿದರು.

“ದುಡಿಯುವ ಹೊತ್ತಿನ ದಾಖಲೆ ನಮ್ಮಲ್ಲಿದೆ, ಅದರಲ್ಲಿ ತಪ್ಪಿಲ್ಲ. ಹಾಗಾದರೆ ಇದು ಹೃದಯದ್ದಲ್ಲ, ಮಿದುಳಿನ ಮೂರ್ಛೆ ಇರಬಹುದು. ನರರೋಗದ ವೈದ್ಯರಿಗೆ ಕಾಗದ ಬರ್ದುಕೊಡ್ತೇನೆ. ಮೂರ್ಛೆಯ ಮಾತ್ರೆ ಶುರು ಮಾಡಬೇಕಾಗಬಹುದು.”

ಪೆನ್ನು ಕಾಗದಕ್ಕೆ ತಾಗಿತು. ಹಾಸಿಗೆಯಿಂದ ಗಂಗೂ ಸೊಸೆಯನ್ನು ನೋಡಿ ತಲೆಯಾಡಿಸಿದಳು: ಹೇಳಬೇಡ.

“ಡಾಕ್ಟ್ರೆ,” ಎಂದಳು ನಾಗಶ್ರೀ. ಅವಳ ಧ್ವನಿ ಅವಳಿಗೇ ಅಪರಿಚಿತವಾಗಿತ್ತು. “ಆ ಹಾಳಿ ಸುಳ್ಳು. ಅತ್ತೆ ಆ ದಿನ ಬುಟ್ಟಿ ಮುಟ್ಲೇ ಇಲ್ಲ. ಮಿಂದಿರ್ಲಿಲ್ಲ ಹೇಳಿ ಜಗುಲಿಲಿ ಕೂತಿದ್ರು. ಬರ್ದದ್ದು ನಾನು.”

“ಬರ್ಸಿದ್ದು ನಾನು!” ಎಂದು ಗಂಗೂ ಎದ್ದು ಕೂರಲು ಹವಣಿಸಿದಳು. “ಅವ್ಳಿಗೆ ಬೈಬೇಡಿ ಬಾಯಿ.”

ವೈಜಯಂತಿಯವರು ಬರೆಯುತ್ತಿದ್ದ ಕಾಗದವನ್ನು ಎರಡಾಗಿ ಹರಿದರು. ಕಡತದ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು.

“ಎಪ್ಪತ್ತೆರಡು ಅಂದಾಗಲೇ ನಾನು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು,” ಎಂದರು ತಗ್ಗಿದ ಧ್ವನಿಯಲ್ಲಿ. “ಸರಿ. ಈ ಹಾಳೆ ಲೆಕ್ಕಕ್ಕಿಲ್ಲ. ಈಗ ನಮಗೆ ಗೊತ್ತಿರೋದು ಇಷ್ಟೇ: ಕೂತಾಗ ಸರಿಯಿರೋ ಹೃದಯ, ದುಡಿಯುವಾಗ ಬೀಳೋ ಹೆಂಗಸು. ದುಡಿಸಿಯೇ ನೋಡಬೇಕು. ಆದ್ರೆ ದಕ್ಕೆಯಲ್ಲಲ್ಲ, ನನ್ನ ಕಣ್ಣೆದುರು.”

ಮರುದಿನ ಗಂಗೂವನ್ನು ಟ್ರೆಡ್‌ಮಿಲ್ಲಿನ ಮೇಲೆ ನಿಲ್ಲಿಸಿದರು. ಎದೆಯ ತುಂಬ ಬಿಲ್ಲೆಗಳು. ಪಕ್ಕದಲ್ಲಿ ಚುಚ್ಚುಮದ್ದು ಸಿದ್ಧ. ಮಿಡಿತ ನಿಂತರೆ ಹೊರಗಿನಿಂದಲೇ ವಿದ್ಯುತ್ತು ಕೊಟ್ಟು ನಡೆಸುವ ಯಂತ್ರವೂ ಸಿದ್ಧ. ಹಿಂದೆ ಹಿಡಿಯಲು ಇಬ್ಬರು ದಾದಿಯರು. ಪಟ್ಟಿ ಚಲಿಸತೊಡಗಿದ್ದೇ ತಡ, ಗಂಗೂ ಕಂಬಿಗೆ ಜೋತುಬಿದ್ದಳು. ಕಾಲು ಒಂದು ಕಡೆ, ಮೈ ಇನ್ನೊಂದು ಕಡೆ.

“ನಿಲ್ಸಿ, ನಿಲ್ಸಿ! ನಂಗೆ ಹಿಂಗೆ ನಡೂಕೆ ಬರೂದಿಲ್ಲ. ಮಂಡೆ ಮೇಲೆ ಎಂತಾ ಇಲ್ಲ!”

ದಾದಿಯರು ನಕ್ಕರು. ನಾಗಶ್ರೀ ತನ್ನ ಕೈಚೀಲದಿಂದ ಬಟ್ಟೆಯ ಸಿಂಬಿಯನ್ನು ತೆಗೆದು ಅತ್ತೆಯ ತಲೆಯ ಮೇಲಿಟ್ಟಳು. ಗಂಗೂವಿನ ಬೆನ್ನು ನೆಟ್ಟಗಾಯಿತು; ಕೈಗಳು ಕಂಬಿಯನ್ನು ಬಿಟ್ಟವು. ಪಟ್ಟಿ ಮತ್ತೆ ಚಲಿಸಿತು. ಪೇಟೆಯ ಹಾದಿಯಲ್ಲಿ ನಡೆವಂತೆ ಅವಳು ಸಲೀಸಾಗಿ ನಡೆದಳು.

ಪರದೆಯ ಮೇಲೆ ತೊಂಬತ್ತು. ನೂರ ಎಂಟು. ವೈದ್ಯೆ ಪಟ್ಟಿಯ ಮುಂಭಾಗವನ್ನು ಏರಿಸಿದರು. ನೂರ ಇಪ್ಪತ್ತೊಂದು. ಗಂಗೂವಿನ ಹಣೆಯಲ್ಲಿ ಬೆವರು. ನಾಗಶ್ರೀ ಅಂಕಿಯಿಂದ ಕಣ್ಣು ಕೀಳಲಿಲ್ಲ. ನೂರ ಇಪ್ಪತ್ತಾರು. ಆ ಮರುಕ್ಷಣ ಅರುವತ್ತಮೂರು. ಆಮೇಲೆ ಮೂವತ್ತನಾಲ್ಕು.

“ನಿಲ್ಲಿಸಿ!”

ಪರದೆಯಲ್ಲಿ ಚಿಕ್ಕ ಅಲೆಗಳು ಒಂದರ ಹಿಂದೊಂದು ವೇಗವಾಗಿ ಸಾಗುತ್ತಲೇ ಇದ್ದವು; ಅವುಗಳ ಬೆನ್ನಿಗೆ ಬರಬೇಕಾದ ಎತ್ತರದ ಶಿಖರಗಳು ಮಾತ್ರ ಬರಲಿಲ್ಲ. ಒಂದು ಕ್ಷಣ. ಎರಡು. ಗಂಗೂವಿನ ಕಣ್ಣುಗುಡ್ಡೆಗಳು ಮೇಲಕ್ಕೆ ಹೊರಳಿದವು, ಸಿಂಬಿ ಜಾರಿತು, ದಾದಿಯರ ತೋಳಿಗೆ ಅವಳ ಮೈ ಒರಗಿತು. ಮೂರು. ನಾಲ್ಕು. ನಾಗಶ್ರೀಯ ತುಟಿಯಲ್ಲಿ ದೇವರ ಹೆಸರೂ ಅರ್ಧಕ್ಕೇ ನಿಂತಿತು. ಐದನೆಯ ಕ್ಷಣಕ್ಕೆ ಒಂದು ಶಿಖರ ಎದ್ದಿತು. ಇನ್ನೊಂದು. ಮಲಗಿಸಿ ಕಾಲೆತ್ತಿ ಹಿಡಿದ ಮೇಲೆ ಗೆರೆ ಮೆಲ್ಲಗೆ ತನ್ನ ಲಯಕ್ಕೆ ಮರಳಿತು.

ಗಂಗೂ ಕಣ್ಣು ಬಿಟ್ಟಾಗ ವೈಜಯಂತಿಯವರು ಅವಳ ಕೈಹಿಡಿದಿದ್ದರು. “ಸಿಕ್ಕಿತು ಅಮ್ಮಾ. ಮೇಲಿನ ಕೋಣೆಯಿಂದ ಅಪ್ಪಣೆ ಸರಿಯಾಗೇ ಹೊರಡ್ತದೆ. ದುಡಿಮೆ ಹೆಚ್ಚಾದಾಗ ನಡುವಿನ ದಾರಿ ಮುಚ್ಚಿ ಕೆಳಗಿನ ಕೋಣೆಗಳಿಗೆ ಅದು ತಲುಪೋದಿಲ್ಲ. ಅವು ಸುಮ್ಮನೆ ನಿಲ್ತಾವೆ.”

ಗಂಗೂ ಯೋಚಿಸಿದಳು. “ರಂಪಣಿ ಬಲೆ ಎಳೂವಾಗ ಒಬ್ಬ ಕೂಗು ಹಾಕ್ತ. ಅವ್ನ ಕೂಗಿಗೆ ಎಲ್ಲರೂ ಹಗ್ಗ ಎಳೂದು. ಗಾಳಿ ಜೋರಾದ್ರೆ ಆ ಕಡೆಯವ್ರಿಗೆ ಕೂಗು ಕೇಳೂದಿಲ್ಲ, ಹಗ್ಗ ಹಿಡ್ಕಂಡು ನಿಂತೇ ಬಿಡ್ತ್ರು. ಹಂಗೆಯಾ?”

“ಹಾಗೇ. ಆ ಕಡೆಯವರ ಹತ್ತಿರವೇ ಇನ್ನೊಬ್ಬ ಕೂಗುವವನನ್ನ ನಿಲ್ಲಿಸಬೇಕು.”

ಪೇಸ್‌ಮೇಕರ್ ಎಂದರು. ಎದೆಯ ಎಡಭಾಗದಲ್ಲಿ ಚರ್ಮದಡಿ ಒಂದು ಪುಟ್ಟ ಪೆಟ್ಟಿಗೆ. ಅಲ್ಲಿಂದ ರಕ್ತನಾಳದ ಒಳಗೆ ಹೃದಯಕ್ಕೆ ಇಳಿಯುವ ಸಣ್ಣ ತಂತಿಗಳು. ಅದಿಲ್ಲದೆ ಮುಂದಿನ ಸಲ ಐದನೆಯ ಕ್ಷಣಕ್ಕೆ ಶಿಖರ ಏಳುವುದೆಂಬ ಭರವಸೆಯಿಲ್ಲವೆಂದೂ ಮುಚ್ಚಿಡದೆ ತಿಳಿಸಿದರು. ಪೆಟ್ಟಿಗೆಯೆಂಬ ಮಾತು ಕೇಳುತ್ತಲೇ ಗಂಗೂವಿನ ಮುಖ ಬಿಗಿಯಿತು.

“ಅದ್ರ ಮೇಲೆ ನೀರು ತಾಗೂಕಾಗ?”

“ಅದು ಒಳಗೇ ಇರ್ತದೆ ಅಮ್ಮಾ. ಗಾಯ ಮಾಗಿದ ಮೇಲೆ ಎಷ್ಟು ಬೇಕಾದ್ರೂ ಮೀಯಿರಿ.”

“ಹಂಗಾರೆ ಹಾಕಿ,” ಎಂದಳು ಗಂಗೂ.

ಪೆಟ್ಟಿಗೆ ಹಾಕಿಸಲು ದೊಡ್ಡ ಊರಿನ ಆಸ್ಪತ್ರೆಗೆ ಹೋಗಬೇಕಾಯಿತು. ಸುದ್ದಿ ತಿಳಿದು ಬಂದರಿಗೆ ಮರಳಿದ ರೂಪೇಶ ತಾಯಿಯ ಜೊತೆಗಿದ್ದ. ಎರಡು ತಿಂಗಳು ಗಂಗೂ ಎಡಗೈಯನ್ನು ಭುಜದಿಂದ ಮೇಲೆತ್ತಲಿಲ್ಲ. ಮೂರನೆಯ ತಿಂಗಳು ತಪಾಸಣೆಗೆ ಬಂದಾಗ ವೈಜಯಂತಿಯವರು ದಿನಚರಿಯನ್ನು ಕೇಳಿದರು. ನಾಗಶ್ರೀ ಒಂದು ನೋಟುಬುಕ್ಕನ್ನೇ ಮುಂದಿಟ್ಟಳು. ಹಿಂದಿನ ದಿನದ ಪುಟದಲ್ಲಿ ಹೀಗೆ ಬರೆದಿತ್ತು:

“೬-೧೦: ಅತ್ತೆ ಮಿಂದರು. ೬-೩೦: ತುಳಸಿಗೆ ದೀಪ. ೭-೦೦: ಬುಟ್ಟಿ ಹೊತ್ತರು, ಅರ್ಧ ಮಾತ್ರ. ೭-೦೫: ಪೂರ್ತಿ ತುಂಬು ಎಂದು ಜಗಳ. ನಾನು ತುಂಬಲಿಲ್ಲ. ೭-೧೦: ಬೈಯುತ್ತಲೇ ತಿರುವಿನವರೆಗೆ ನಡೆದರು. ತಲೆ ಸುತ್ತಲಿಲ್ಲ. ೭-೧೫: ಇನ್ನೂ ಬೈಯುತ್ತಿದ್ದಾರೆ.”