ನಿನ್ನೆಯ ನೀರು ಚೆಲ್ಲಿದ ದಿನ

೧೯೯೭ರ ಮೇ ತಿಂಗಳು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಅಪ್ಪ ಅಬಿಡ್ಸ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿದು ಓದಿಸಿದ್ದರು. ಅಲ್ಲಿಯದೇ ಒಂದು ಪ್ರವಾಸಿ ಕಚೇರಿಯಲ್ಲಿ ನನಗೆ ಗೈಡ್ ಕೆಲಸ ಸಿಕ್ಕಿತ್ತು, ಆದರೆ ಆರು ತಿಂಗಳು ನೋಡಿ ಕಾಯಂ ಮಾಡುವ ಷರತ್ತಿನ ಮೇಲೆ. ಆ ಅವಧಿ ಮುಗಿಯುವ ವಾರದಲ್ಲೇ ಲೂಚಿಯಾ ಎಂಬ ಪ್ರವಾಸಿ ಬಂದರು. "ಹೋಗುವಾಗ ಇವರು ಏನು ಬರೆದುಕೊಡುತ್ತಾರೋ ನೋಡಿ ನಿನ್ನ ಕೆಲಸದ ಮಾತು," ಎಂದು ಮ್ಯಾನೇಜರ್ ಮೊದಲೇ ಹೇಳಿಬಿಟ್ಟರು.

ಲೂಚಿಯಾ ದಕ್ಷಿಣ ಇಟಲಿಯ ಗುಡ್ಡದ ಹಳ್ಳಿಯವರು, ಐವತ್ತು ದಾಟಿದ ಹೆಂಗಸು. ತಮ್ಮ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದರು. ಕಚೇರಿಯ ಕಾರು ಬೇಡವೆಂದು ನನ್ನ ಜೊತೆ ಸಿಟಿ ಬಸ್ಸಿನಲ್ಲೇ ಓಡಾಡಿದರು. ಗೋಲ್ಕೊಂಡ ಕೋಟೆಗೆ ಹೋಗುವ ಬಸ್ಸಿನಲ್ಲಿ ತಮ್ಮೂರಿನ ಕಷ್ಟ ಹೇಳಿಕೊಂಡರು. ಬೇಸಿಗೆಗೆ ಪ್ರವಾಸಿಗರು ತುಂಬಿಕೊಳ್ಳುತ್ತಾರೆ, ಸುತ್ತಲೂ ಈಜುಕೊಳದ ಬಂಗಲೆಗಳು ಎದ್ದಿವೆ, ಊರಿನ ಒರತೆ ಮಾತ್ರ ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿದೆ. "ಪ್ರವಾಸಿಗರಿಂದಲೇ ನಮ್ಮ ಊಟ. ನಮ್ಮ ನೀರು ಮುಗಿಸುತ್ತಿರುವವರೂ ಅವರೇ," ಎಂದರು. ಅದಕ್ಕೇ ಅವರ ಮನೆಯಲ್ಲಿ ಸ್ನಾನಕ್ಕೆ ಒಬ್ಬರಿಗೆ ಒಂದೇ ಬಕೆಟ್.

ಅವರನ್ನು ಮೆಚ್ಚಿಸುವ ಆಸೆಗೆ ನಾನು, "ನಮ್ಮ ಮನೆಯಲ್ಲೂ ಒಂದು ಹನಿ ನೀರು ಚೆಲ್ಲುವುದಿಲ್ಲ," ಎಂದುಬಿಟ್ಟೆ.

"ಹೌದೇ? ನಾಳೆ ನಿಮ್ಮ ಮನೆಗೇ ಬರುತ್ತೇನೆ. ನನಗೆ ನೋಡಬೇಕು."

ನಾರಾಯಣಗೂಡದ ನಮ್ಮ ವಠಾರಕ್ಕೆ ದಿನ ಬಿಟ್ಟು ದಿನ, ಬೆಳಿಗ್ಗೆ ಒಂದು ತಾಸು ನಲ್ಲಿ ನೀರು. ಮರುದಿನ ನೀರಿನ ಸರದಿ. ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ ಅವ್ವ ಹಂಡೆ, ಕೊಡ, ಡ್ರಮ್ಮು ಎಲ್ಲವನ್ನೂ ಬರಿದು ಮಾಡಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೋರಲು ಹಾಕಿದ್ದಳು. ಮೋರಿಯಲ್ಲಿ ನೀರು ಇನ್ನೂ ಹರಿಯುತ್ತಿತ್ತು. ಹೊಸ ನೀರು ಬರುವ ದಿನ ಹಳೆಯದನ್ನು ಚೆಲ್ಲುವುದು ನಮ್ಮ ಮಂದಿಯ ರೂಢಿ. ಭೂಗೋಳದಲ್ಲಿ ಫಸ್ಟ್ ಕ್ಲಾಸ್ ಬಂದ ನನಗೆ, ಅದೂ ನೀರು ಹಾಳು ಮಾಡುವುದೇ ಎಂದು ಅವತ್ತಿನವರೆಗೆ ಅನ್ನಿಸಿರಲೇ ಇಲ್ಲ.

"ಯವ್ವಾ, ಎಲ್ಲಾ ಯಾಕ ಚೆಲ್ಲಿದಿ?"

"ಮತ್ತ? ಅಷ್ಟು ದೂರದಿಂದ ಬಂದೋರಿಗೆ ನಿನ್ನಿ ನೀರು ಕೊಡಾಕ ಬರ್ತೈತೇನು? ಬಿ.ಎ. ಮಾಡೀದಿ, ಇಷ್ಟು ತಿಳಿಯಂಗಿಲ್ಲ?"

ಆರು ಗಂಟೆಗೆ ನಲ್ಲಿ ಬುಸ್ ಎಂದಿತು. ಗಾಳಿ ಬಂತು, ನೀರು ಬರಲಿಲ್ಲ. ಏಳಾಯಿತು, ಎಂಟಾಯಿತು. ಎಲ್ಲೋ ಪೈಪು ಒಡೆದಿದೆಯಂತೆ, ಸಂಜೆವರೆಗೂ ಇಲ್ಲವಂತೆ. ಬೇಳೆ ಪಾತ್ರೆಯಲ್ಲಿ ಒಣಗಿಯೇ ಕುಳಿತಿತ್ತು. ಬೀದಿಯ ಕೊನೆಯ ಬೋರಿಂಗ್ ಕೈಪಂಪಿಗೆ ಓಡಿದೆ. ತೋಳು ಸೋಲುವಷ್ಟು ಹೊಡೆದರೂ ಅರ್ಧ ಕೊಡ ಕೆಂಪು ನೀರು. ಹನ್ನೊಂದಕ್ಕೆ ಲೂಚಿಯಾ ಬರುತ್ತಾರೆ. ಗೋಡೆಯ ಮೇಲೆ ಕರಿ ಗೌನಿನಲ್ಲಿ ನಿಂತ ನನ್ನ ಪದವಿಯ ಫೋಟೊ ಇತ್ತು. ಅದರ ಕಡೆ ನೋಡಲಾಗಲಿಲ್ಲ.

ಕೊನೆಗೆ ಪಕ್ಕದ ಮನೆಯ ಲಕ್ಷ್ಮಮ್ಮ ಒಂದು ಕೊಡ ಹೊತ್ತು ತಂದರು. ತೆಲುಗಿನವರು, ನಮ್ಮ ಜೊತೆ ಇದ್ದು ಕನ್ನಡ ಕಲಿತವರು. "ನಿನ್ನಿ ನೀರು ಅಕ್ಕಾ. ನಿಮಗೆ ನಡೀತದೋ ಇಲ್ಲೋ!" ಎಂದು ನಕ್ಕರು.

"ಚುಚ್ಚಬ್ಯಾಡ ಮಾರಾಯ್ತಿ, ಇಳಸಿಲ್ಲಿ," ಎಂದಳು ಅವ್ವ.

ಲೂಚಿಯಾ ಬಂದಾಗ ಕೈ ತೊಳೆಯಲು ಒಂದು ಚೆಂಬು ನೀರು ಕೊಟ್ಟೆ. ಅರ್ಧ ಉಳಿಸಿ ಹಿಂದಕ್ಕೆ ಕೊಟ್ಟರು. ಬೋರಲು ಹಾಕಿದ ಹಂಡೆಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. "ಎಷ್ಟು ಚೆಂದ! ಆದರೆ ಎಲ್ಲಾ ಯಾಕೆ ಖಾಲಿ?" ಎಂದು ಕೇಳಿದರು.

ನಲ್ಲಿ ಬರಲಿಲ್ಲ ಎಂದಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವರು ಉಳಿಸಿದ ಅರ್ಧ ಚೆಂಬು ನನ್ನ ಕೈಯಲ್ಲೇ ಇತ್ತು.

"ಬೆಳಿಗ್ಗೆ ಚೆಲ್ಲಿದೆವು. ಪ್ರತಿ ಸಲವೂ ಚೆಲ್ಲುತ್ತೇವೆ. ನಿನ್ನೆ ಬಸ್ಸಿನಲ್ಲಿ ನಾನು ಹೇಳಿದ್ದು ನಿಜವಲ್ಲ," ಎಂದೆ.

ಅವರು ಬಗ್ಗಿ ಒಂದು ಹಂಡೆಯನ್ನು ಎತ್ತಿ ಒಳಗೆ ನೋಡಿದರು. ನನ್ನ ಕೆಲಸ ಹೋಯಿತು, ಅಪ್ಪನಿಗೆ ಏನು ಹೇಳಲಿ ಎಂದುಕೊಂಡೆ. ಅವ್ವ ಒಳಗಿನಿಂದ, "ಏನಂತಾರವಾ ಅವರು?" ಎನ್ನುತ್ತಿದ್ದಳು.

ಲೂಚಿಯಾ ನಿಧಾನವಾಗಿ ಹೇಳಿದರು: "ನಿನ್ನ ತಾಯಿಗೆ ಹೇಳು. ನಮ್ಮಲ್ಲಿ ಚಳಿಗಾಲದ ಮಳೆ ನೀರನ್ನು ಮನೆಯ ಕೆಳಗಿನ ತೊಟ್ಟಿಯಲ್ಲಿ ಮುಚ್ಚಿಟ್ಟು ಬೇಸಿಗೆಗೆ ಕುಡಿಯುತ್ತೇವೆ."

ಹೇಳಿದೆ. ಅವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದು ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಆರು ತಿಂಗಳ ನೀರು! ಕುಡದೂ ಎಷ್ಟು ಗಟ್ಟಿ ಅದಾರ ನೋಡ!"

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಲೂಚಿಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಲಕ್ಷ್ಮಮ್ಮನ ನೀರಿನಲ್ಲಿ ಬೆಂದ ಬೇಳೆಯನ್ನು ಎರಡು ಸಲ ಹಾಕಿಸಿಕೊಂಡರು.

ಎರಡು ದಿನದ ಮೇಲೆ ಮ್ಯಾನೇಜರ್ ಕರೆದರು. "'ಈ ಹುಡುಗಿ ತನ್ನ ತಪ್ಪನ್ನು ತಾನೇ ಹೇಳುತ್ತಾಳೆ' ಅಂತ ಬರೆದಿದ್ದಾರೆ. ಇದು ಹೊಗಳಿಕೆಯೋ, ದೂರೋ?"

"ನನಗೂ ಗೊತ್ತಿಲ್ಲ ಸರ್," ಎಂದೆ.

ಅವರು ತಲೆ ಕೆರೆದುಕೊಂಡು ನನ್ನ ಕೆಲಸ ಕಾಯಂ ಮಾಡಿದರು.

ಆಮೇಲೆ ಅವ್ವ ಚೆಲ್ಲುವುದು ಬಿಟ್ಟಳು. ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿಟ್ಟು, ಬಂದವರಿಗೆಲ್ಲ, "ನಿನ್ನಿದೈತ್ರಿ, ಛಲೋ ಐತಿ, ಕುಡೀರಿ," ಎನ್ನುತ್ತಿದ್ದಳು. ನನಗೆ ಮಾತ್ರ ಇವತ್ತಿಗೂ ನಲ್ಲಿ ಬುಸ್ ಎಂದರೆ ಆ ಬೆಳಗೇ ನೆನಪಾಗುತ್ತದೆ. ಎದ್ದು ಹೋಗಿ ಬಟ್ಟೆ ಸರಿಸಿ ನೋಡುತ್ತೇನೆ. ಕೊಡದಲ್ಲಿ ನಿನ್ನೆಯ ನೀರು ಇದ್ದರೆ ಜೀವಕ್ಕೆ ಸಮಾಧಾನ.