ದೇವರ ಜಗಲಿ ಏರಿದ ಬಾಟಲಿ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ, ದೊಡ್ಡ ಕೆರೆಯೊಂದರ ದಂಡೆಗೆ ಮಹಾರುದ್ರಪ್ಪನವರ ಕಿರಾಣಿ ಅಂಗಡಿ. ಅಂಗಡಿಯ ಬೇಳೆಯನ್ನು ಅವರು ಈ ಪರಿ ಹೊಗಳಿದ್ದರೆ ಇಷ್ಟೊತ್ತಿಗೆ ಮೇಲೊಂದು ಅಂತಸ್ತು ಏಳುತ್ತಿತ್ತು. ಅವರು ಹೊಗಳುವುದು ಕೆರೆಯ ನೀರನ್ನು. ಬಂದವರಿಗೆಲ್ಲ ಒಂದು ಚೊಂಬು ಕುಡಿಸಿ, "ಹ್ಯಾಂಗದ?" ಎಂದು ಕೇಳಿ, ಉತ್ತರವನ್ನೂ ತಾವೇ ಹೇಳುವರು: "ಅಮೃತ ಅದ!" ಹೆತ್ತವರಿಗೆ ಹೆಗ್ಗಣ ಮುದ್ದು. ಕೆರೆಯನ್ನು ಇವರು ಹೆತ್ತಿಲ್ಲ ನಿಜ, ಆದರೆ ಊರಿನ ನೀರಿನ ಸಮಿತಿಗೆ ಅಧ್ಯಕ್ಷರು. ಓಣಿಯ ಗಟಾರವನ್ನು ಹಟ ಹಿಡಿದು ಕಟ್ಟಿಸಿ ತೆಂಗಿನಕಾಯಿ ಒಡೆದವರೂ ಅವರೇ. ಆ ಗಟಾರ ಹರಿದು ಎಲ್ಲಿ ಸೇರುತ್ತದೆ ಎಂದು ಕೇಳುವ ಕೆಟ್ಟ ಗುಣ ಊರಲ್ಲಿ ಯಾರಿಗೂ ಇರಲಿಲ್ಲ.

ಸೊಸೆ ಪೂನಂಗೆ ಇತ್ತು. ಎರಡು ವರ್ಷದ ಮಗಳು ವಿದ್ಯಾವತಿಗೆ ಹೊಟ್ಟೆ ಕೆಡುವುದು, ನೆಟ್ಟಗಾಗುವುದು, ಮತ್ತೆ ಕೆಡುವುದು ನಡೆದೇ ಇತ್ತು. ಮಗು ಸೊರಗಿದ್ದನ್ನು ಕಂಡು ಬಸವಕಲ್ಯಾಣದ ಡಾಕ್ಟರು ಬೈದು, ನೀರು ಕುದಿಸಿ ಕೊಡಲು ಹೇಳಿದ್ದರು. ಮಾವನವರು ಅದನ್ನು ಕೆರೆಗಾದ ಅವಮಾನವೆಂದೇ ತಿಳಿದರು.

"ಹುಟ್ಟಿದಾಗಿಂದ ನಾ ಹಸೀ ನೀರೇ ಕುಡದೀನಿ. ನನಗೇನಾಗ್ಯಾದ?"

ಪೂನಂ ಕದ್ದು ಕುದಿಸಿ ಕುಡಿಸುತ್ತಿದ್ದಳು. ಒಂದು ಕಡೆ ಮಾತ್ರ ಅವಳ ಆಟ ನಡೆಯುತ್ತಿರಲಿಲ್ಲ. ಮುಂಜಾನೆ ಲಿಂಗಪೂಜೆ ಮುಗಿಸಿದ ಅಜ್ಜ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾದೋದಕ ಕುಡಿಸುತ್ತಿದ್ದರು. ಲಿಂಗದ ಮೇಲೆ ಎರೆದ ಆ ನೀರು ಕೆರೆಯದೇ, ಆಗಷ್ಟೇ ತುಂಬಿ ತಂದದ್ದು. ಮಗು ಹಕ್ಕಿಮರಿಯಂತೆ ಬಾಯಿ ತೆರೆದು ಕಾಯುತ್ತಿತ್ತು. ಮಹಾರುದ್ರಪ್ಪನವರಿಗೆ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖವಿರಲಿಲ್ಲ.

ಚಳಿಗಾಲಕ್ಕೆ ನೀರು ಪರೀಕ್ಷೆಯ ತಹಸೀನ್ ಹುಮನಾಬಾದಿನಿಂದ ಬಂದಳು. ಮದ್ದು ಹಾಕಿದ ಸಣ್ಣ ಬಾಟಲಿಗೆ ಕೆರೆ ನೀರು ತುಂಬಿ ಅಧ್ಯಕ್ಷರ ಕೈಗಿಟ್ಟಳು.

"ಮನುಷ್ಯಾರ, ದನದ ಹೊಟ್ಟ್ಯಾಗಿರೋ ಬ್ಯಾಕ್ಟೀರಿಯಾ ಇದ್ರ ನೀರು ಕರ್ರಗಾಗ್ತದ್ರಿ. ಅಂದ್ರ ಕೆರಿಗೆ ಹೊಲಸು ಸೇರಾಕತ್ತದ ಅಂತ ಗುರ್ತು. ಬೆಚ್ಚಗಿನ ಜಾಗಾದಾಗ ಇಡ್ರಿ. ನಾಳಿ ಬರ್ತೀನಿ."

ಹಿಂದಿನ ವರ್ಷಗಳಲ್ಲಿ ಅಧ್ಯಕ್ಷರು ಬಾಟಲಿಯನ್ನು ಅಂಗಡಿ ಹಿಂದಿನ ಕಲ್ಲುಗೂಡಿನಲ್ಲಿ ಇಟ್ಟಿದ್ದರು. ಆ ಥಂಡಿಗೆ ಬ್ಯಾಕ್ಟೀರಿಯಾಗಳೂ ಮುದುಡಿ ಮಲಗಿರಬೇಕು, ನೀರು ಬಣ್ಣ ಬದಲಿಸಲಿಲ್ಲ. ಕೆರೆ ಫಸ್ಟ್ ಕ್ಲಾಸಿನಲ್ಲಿ ಪಾಸು! ಈ ಸಲ ಅಷ್ಟಕ್ಕೇ ಅವರಿಗೆ ಸಮಾಧಾನವಿಲ್ಲ. ಸೊಸೆಯ ಬಾಯಿ ಮುಚ್ಚಿಸಬೇಕಿತ್ತು. ಬಾಟಲಿಗೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ, ಎಂದೂ ಆರದ ನಂದಾದೀಪಕ್ಕೆ ತಾಗಿಸಿಯೇ ಇಟ್ಟರು.

"ದೇವರ ಮುಂದ ಇಟ್ಟದ್ದು ಸುಳ್ಳು ಹೇಳಂಗಿಲ್ಲ, ತಿಳೀತಾ?"

"ಹೌದ್ರಿ ಮಾವ. ಕರ್ರಗಾದ್ರ?"

"ಆದ್ರ ನೀ ಹೇಳಿದಂಗ ಕೇಳ್ತೀನಿ, ನಡಿ."

ದೀಪದ ಹಿತವಾದ ಶಾಖದಲ್ಲಿ ಬಾಟಲಿ ಕೂತಿತು. ಹೊಟ್ಟೆಯಿಂದ ಹೊರಬಿದ್ದ ಮೇಲೆ ಆ ಬ್ಯಾಕ್ಟೀರಿಯಾಗಳಿಗೆ ಇಂಥ ಆದರಾತಿಥ್ಯ ಇನ್ನೆಲ್ಲೂ ಸಿಕ್ಕಿರಲಿಕ್ಕಿಲ್ಲ. ಬೆಚ್ಚಗಿಡಿ ಎಂದು ತಹಸೀನ್ ವರ್ಷ ವರ್ಷ ಹೇಳಿದರೂ ಆಗದ ಕೆಲಸವನ್ನು ಭಕ್ತಿ ಮಾಡಿಸಿತ್ತು.

ಮರುದಿನ ಸ್ನಾನ, ಲಿಂಗಪೂಜೆ ಮುಗಿಸಿ ಬಾಟಲಿ ಎತ್ತಿ ನೋಡಿದರೆ ಅದರ ತುಂಬ ಕಾಡಿಗೆಯಂಥ ಕಪ್ಪು. ಒರೆಸಿದರು, ಬೆಳಕಿಗೆ ಹಿಡಿದರು; ಕಪ್ಪು ಒಳಗಿನ ನೀರಿನದೇ. "ಬಾಟ್ಲಿನೇ ಖರಾಬ್ ಅದ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎದುರಿಗೆ ದೇವರಿದ್ದ, ನಿನ್ನೆ ತಾವೇ ಸಾಕ್ಷಿಗೆ ಕರೆದ ದೇವರು. ಮಾತು ನುಂಗಿಕೊಂಡರು.

ಅಷ್ಟರಲ್ಲಿ ವಿದ್ಯಾವತಿ ಓಡಿ ಬಂದು ತೊಡೆ ಏರಿ ಬಾಯಿ ತೆರೆದಳು. ಪಾದೋದಕದ ಬಟ್ಟಲಲ್ಲಿ ಅದೇ ಕೆರೆಯ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಮಗುವಿನ ತೆಳ್ಳನೆಯ ತೋಳು ಅವರ ಕೈಯಲ್ಲೇ ಇತ್ತು. ಊರಿಗೆಲ್ಲ ಚೊಂಬು ಚೊಂಬು ಕುಡಿಸಿದ್ದು ಹಾಗಿರಲಿ, ಇವಳಿಗೆ ದಿನಾ ಮುದ್ದು ಮಾಡಿ ಕುಡಿಸಿದವರು ಯಾರು?

"ಪೂನಂ," ಎಂದು ಕರೆದರು. "ಕುದಿಸಿ ಆರಿಸಿದ್ದು ಜರಾ ಕೊಡವಾ. ಲಿಂಗಕ್ಕ ಬೇಕು."

ಪೂನಂ ತಂಬಿಗೆ ತಂದಿಟ್ಟಳು. ಪೂಜೆ ಮೊದಲಿನಿಂದ ಶುರುವಾಯಿತು. ಮಗುವಿಗೆ ತಡೆಯುವ ತಾಳ್ಮೆ ಎಲ್ಲಿಯದು? ಹಳೆಯ ಬಟ್ಟಲಿಗೇ ಬಾಯಿ ಚಾಚಿತು. ಮಹಾರುದ್ರಪ್ಪ ಅದನ್ನು ದೂರ ಸರಿಸಿ, ಕೈಯನ್ನು ಅವಳ ತುಟಿಗೆ ಅಡ್ಡ ಹಿಡಿದರು.

"ಬಾಯಿ ಮುಚ್ಚವಾ, ನನ ತಾಯಿ," ಎಂದರು. "ಜರಾ ಬಾಯಿ ಮುಚ್ಚು."